ಖಾಲಿ ಗಾಡಿಯ ಮೈಲೇಜ್

ಹೋದ ಶನಿವಾರ ಇಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ, ನಾವಿರುವ ಫ್ರಿಸ್ಕೊದಿಂದ ಟೆಕ್ಸೋಮಾ ಕೆರೆಗೆ ಹೊರಟಿದ್ದೆವು. ನಮ್ಮ ಪಿಕಪ್ಪಿಗೆ ಮೊದಲ ಸಲ ಟ್ರೇಲರ್ ಕಟ್ಟಿದ್ದೆ. ಬಾಡಿಗೆಗೆ ತಂದ ಕ್ಯಾಂಪರ್, ಅಂದರೆ ಒಳಗೇ ಉಳಿದುಕೊಳ್ಳುವಂಥ ಚಕ್ರದ ಮನೆ, ಸುಮಾರು 2,200 ಕಿಲೋ. ದಿನಾ ಆಫೀಸಿಗೆ ಓಡಿಸುವಾಗ ಗ್ಯಾಲನ್ನಿಗೆ 21 ಮೈಲಿ ಕೊಡುವ ಗಾಡಿ, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 9 ಕಿಲೋಮೀಟರ್ ಹತ್ತಿರ. ಅವತ್ತು 10 ಮೈಲಿಗೆ ಇಳಿಯಿತು. ಲೀಟರಿಗೆ ನಾಲ್ಕು ಚಿಲ್ಲರೆ! ಏನೋ ಕೆಟ್ಟಿದೆ ಅಂತ ಗಾಬರಿಯಾಯಿತು.

ಪಕ್ಕದ ಮನೆ ಅಜ್ಜ ತಮ್ಮ 3.0 ಲೀಟರ್ ಡೀಸೆಲ್ ಸಿಲ್ವರಾಡೊ ಪಿಕಪ್ಪಿಗೆ ದೋಣಿ ಕಟ್ಟಿಕೊಂಡು ಜೊತೆಗೆ ಬಂದಿದ್ದರು. "ಏನೂ ಕೆಟ್ಟಿಲ್ಲ, ನಂದೂ 27ರಿಂದ 16ಕ್ಕೆ ಬಂತು" ಅಂದರು.

ನನ್ನದು 2.7 ಲೀಟರ್ ಟರ್ಬೊ ವಿ6, ಅಂದರೆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಖಾಲಿ ಹೋಗುವಾಗ ಕಮ್ಮಿ ಕುಡಿಯುತ್ತದೆ. ಭಾರ ಬಿದ್ದರೆ ಟರ್ಬೊ ಬಿಡುವಿಲ್ಲದೆ ಎಂಜಿನ್ನಿಗೆ ಗಾಳಿ ತುಂಬುತ್ತದೆ, ಆ ಗಾಳಿಗೆ ತಕ್ಕಷ್ಟು ಪೆಟ್ರೋಲೂ ಸುರಿಯಬೇಕು ಅಲ್ವಾ, ಹಾಗಾಗಿ ಎಳೆಯುವಾಗ ಎಂಟು ಸಿಲಿಂಡರಿನ 5 ಲೀಟರ್ ವಿ8ಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಡೀಸೆಲ್ ಮಾತ್ರ ಮುಂದೆ. ಆದರೆ ಇಲ್ಲಿ ಡೀಸೆಲ್ಲಿಗೇ ಬೆಲೆ ಜಾಸ್ತಿ, ಊರಿನ ಹಾಗಲ್ಲ. ಈ ಸಪಾಟು ರಸ್ತೆಯಲ್ಲಿ ತೂಕಕ್ಕಿಂತ, ಗೋಡೆಯಂಥ ಕ್ಯಾಂಪರಿಗೆ ಬಡಿಯುವ ಗಾಳಿಯೇ ಗಾಡಿಯನ್ನು ಹಿಡಿದು ಎಳೆಯುತ್ತದೆ. ವಾಪಸ್ ಬರುವಾಗ 70 ಮೈಲಿ ವೇಗ ಬಿಟ್ಟು 60ರಲ್ಲಿ ಬಂದೆ, 12 ಸಿಕ್ಕಿತು.

ಇದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದಾಗ ಹಿಂದಿನ ಸೀಟಿನಿಂದ ಮಗಳು ಕೇಳಿದಳು: "ಅಪ್ಪಾ, ದಿನಾ ನೀನೊಬ್ಬನೇ ತಾನೇ ಹೋಗೋದು, ಇಷ್ಟು ದೊಡ್ಡ ಗಾಡಿ ಯಾಕೆ? ತಾತನ ಗಾಡಿ ಖಾಲಿ ಇದ್ದಿದ್ದೇ ನಾನು ನೋಡಿಲ್ಲ."

ಅವಳು ಹೇಳಿದ್ದು ಶ್ರೀನಿವಾಸಪುರದ ನಮ್ಮ ಟಾಟಾ ಏಸ್. ಎರಡು ಸಿಲಿಂಡರ್, 16 ಅಶ್ವಶಕ್ತಿ. ಬೆಳಗಿನ ಜಾವ ಟೊಮೆಟೊ ಬಾಕ್ಸ್ ತುಂಬಿಕೊಂಡು ಕೋಲಾರದ ಎಪಿಎಂಸಿಗೆ, ಬರುವಾಗ ಹಿಂಡಿ, ಗೊಬ್ಬರ. ಮುಕ್ಕಾಲು ಟನ್ನಿನ ಗಾಡಿಗೆ ಒಂದು ಟನ್ನಿನ ಮೇಲೆ ಹೇರುತ್ತಿದ್ದದ್ದು ತಪ್ಪೇ. ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಬ್ರೇಕ್ ಸಾಲದೆ ಹಳ್ಳಕ್ಕಿಳಿದ ಗಾಡಿಗಳನ್ನೂ ನೋಡಿದ್ದೇನೆ. ಆದರೆ ಅಪ್ಪ ಡ್ಯಾಶ್‌ಬೋರ್ಡಿನಲ್ಲಿ ಇಡುತ್ತಿದ್ದ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಇರುತ್ತಿತ್ತು: ಕಿಲೋಮೀಟರ್, ಲೀಟರ್, ಬಾಕ್ಸ್ ಎಷ್ಟು. ಒಂದು ಬಾಕ್ಸಿಗೆ ಎಷ್ಟು ಡೀಸೆಲ್ ಬಿತ್ತು ಅಂತ ಲೆಕ್ಕ ಹಾಕುತ್ತಿದ್ದರು.

ರಾತ್ರಿ ಫೋನ್ ಮಾಡಿ, ಲೀಟರಿಗೆ ನಾಲ್ಕೇ ಕೊಟ್ಟಿತು ಅಂದೆ.

"ಎಷ್ಟು ಲೋಡಿತ್ತು?" ಅಂತ ಮೊದಲು ಕೇಳಿದರು. ಆಮೇಲೆ, ಟೈರಿಗೆ ಗಾಳಿ ನೋಡಿಸಿದ್ಯಾ ಅಂದರು.