ಅಷ್ಟಗಲದ ಗೌನ್ ಹಾಕ್ಕೋತಿದ್ದಿದ್ದು ಯಾಕೆ

ಹದಿನೆಂಟನೇ ಶತಮಾನದ ಯೂರೋಪಿನ ಅರಮನೆ ಗೌನ್ ಫೋಟೋ ತೋರಿಸಿದ್ರೆ ಎಲ್ರೂ ಕೇಳೋದು ಒಂದೇ, ಇಷ್ಟಗಲ ಯಾಕೆ, ಬಾಗಿಲಲ್ಲಿ ಹೆಂಗೆ ನುಗ್ತಿದ್ರು ಅಂತ. ಸೊಂಟದ ಎರಡೂ ಪಕ್ಕ ಬೆತ್ತ ಇಲ್ಲಾ ತಿಮಿಂಗಿಲದ ಬಾಯೊಳಗಿರೋ ಬಲೀನ್ ಪಟ್ಟಿ ಹಾಕಿ ಚೌಕಟ್ಟು ಕಟ್ಕೋತಿದ್ರು, ಅದಕ್ಕೆ ಪ್ಯಾನಿಯೇ ಅಂತಾರೆ. ಹಾಸನದಲ್ಲಿ ಬ್ಲೌಸ್ ಹೊಲಿಯೋಳಾಗಿ ನನ್ನ ಉತ್ತರ ಇಷ್ಟೇ, ಅದು ಮೈ ತೋರ್ಸೋಕಲ್ಲ, ಬಟ್ಟೆ ತೋರ್ಸೋಕೆ.

ಆ ಬಟ್ಟೆ ಹೆಂಗಿರೋದು ನೋಡಿ. ಫ್ರಾನ್ಸಿನ ಲಿಯಾನ್, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್, ಈ ಎರಡು ಕಡೆ ರೇಷ್ಮೆ ನೇಯ್ತಿದ್ರು, ಪನ್ನ, ಅಂದ್ರೆ ಬಟ್ಟೆ ಅಗಲ, ಸುಮಾರು 20 ಇಂಚು ಅಷ್ಟೇ. ತೂತು ಹಾಕಿದ ಕಾರ್ಡಿಂದ ಡಿಸೈನ್ ನೇಯೋ ಜಕಾರ್ಡ್ ಮಗ್ಗ ಬಂದಿದ್ದು 1804ರ ಸುಮಾರಿಗೆ, ಅದಕ್ಕೆ ಮುಂಚೆ ನೇಕಾರ ಕೂತು ನೇಯೋದು, ಪಕ್ಕದಲ್ಲಿ ಇನ್ನೊಬ್ರು ನಿಂತು ಒಂದೊಂದು ಎಳೆ ನೇಯೋಕೂ ದಾರದ ಗೊಂಚಲು ಎಳೆದು ಹಿಡಿಯೋದು, ಹಂಗೆ ಒಂದೊಂದೇ ಹೂವು ಏಳ್ಬೇಕಿತ್ತು. ಜರಿ ಅಂದ್ರೆ ಚಿನ್ನದ ನೀರು ಕೊಟ್ಟ ಬೆಳ್ಳಿ ತಗಡಿನ ಎಳೆನ ರೇಷ್ಮೆ ದಾರಕ್ಕೆ ಸುತ್ತಿದ್ದು. ಹಿಂಗಾಗಿ ಬಟ್ಟೆ ಬೆಲೆ ಮುಂದೆ ಹೊಲಿಗೆ ಕೂಲಿ ಏನೇನೂ ಅಲ್ಲ. ಸ್ಪಿಟಲ್‌ಫೀಲ್ಡ್ಸ್‌ಗೆ ಡಿಸೈನ್ ಬರ್ಕೊಡ್ತಿದ್ದ ಅನ್ನಾ ಮರಿಯಾ ಗಾರ್ತ್‌ವೇಟ್ ಬಣ್ಣದಲ್ಲಿ ಬರೆದ ಹಾಳೆಗಳು ಇವತ್ತಿಗೂ ಲಂಡನ್ನಿನ ಮ್ಯೂಸಿಯಂನಲ್ಲಿವೆ, ಒಂದೊಂದು ಹೂವು ಅಂಗೈಗಿಂತ ದೊಡ್ಡದು, ಅಂಥದ್ದನ್ನ ಡಾರ್ಟ್ (ಮೈಗೆ ಕೂರೋಕೆ ಹಾಕೋ ಮಡಿಕೆ ಹೊಲಿಗೆ) ಹಾಕಿ ಕತ್ತರಿಸೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ?

ಕತ್ತರಿಸ್ತಾನೂ ಇರ್ಲಿಲ್ಲ! ಫ್ರೆಂಚ್ ಗೌನಿನ ಬೆನ್ನಲ್ಲಿ ಕತ್ತಿಂದ ನೆಲದವರೆಗೆ ಇಳಿಯೋ ದೊಡ್ಡ ನೆರಿಗೆ ಇದೆಯಲ್ಲ, ಅದು ಪೂರ್ತಿ ಪನ್ನ ಮಡಚಿಟ್ಟಿದ್ದು. ನಮ್ ಕಸ್ಟಮರ್ಸ್ "ಒಳಗೆ ಬಟ್ಟೆ ಬಿಡಿ ಅಕ್ಕ" ಅಂತಾರಲ್ಲ ಅದೇ ಲೆಕ್ಕ, ಮುಂದೆ ಬಿಚ್ಚಿ ಬೇರೆ ಥರ ಹೊಲ್ಕೋಬೋದು. ಮ್ಯೂಸಿಯಂ ಗೌನುಗಳಲ್ಲಿ ಹಳೇ ಹೊಲಿಗೆ ತೂತು ಕಾಣೋದು ಅದಕ್ಕೇ. ನಂಗೆ ಆ ತೂತುಗಳ ಮೇಲೇ ಪ್ರೀತಿ ಜಾಸ್ತಿ.

ಫ್ರಾನ್ಸ್ ರಾಜರ ವರ್ಸೇಲ್ಸ್ ದರ್ಬಾರಿಗೆ ಹೋಗೋಕೆ ಇದೂ ಸಾಲ್ತಿರ್ಲಿಲ್ಲ, ಗ್ರಾಂಡ್ ಹಾಬಿ ಅನ್ನೋ ದರ್ಬಾರಿ ಉಡುಪು ಬೇಕು: ಬಲೀನ್ ಪಟ್ಟಿ ತುಂಬಿ ಬೆನ್ನಿಗೆ ಲಾಡಿ ಬಿಗಿಯೋ ಗಟ್ಟಿ ರವಿಕೆ, ಲಂಗ, ಹಿಂದೆ ಎಳ್ಕೊಂಡ್ ಬರೋ ಬಾಲ. 1675ರಲ್ಲೇ ಹೆಂಗಸರಿಗೆ ಹೆಂಗಸರ ಬಟ್ಟೆ ಹೊಲಿಯೋ ಸಂಘ ಸಿಕ್ಕಿತ್ತು, ಆದ್ರೂ ಈ ದರ್ಬಾರಿ ರವಿಕೆ ಮಾತ್ರ ಗಂಡಸು ದರ್ಜಿಗಳ ಕೈಲೇ ಉಳೀತು. ಇದು ನಂಗೆ ಇವತ್ತಿಗೂ ಬೇಜಾರು. ಇಂಗ್ಲೆಂಡ್ ದರ್ಬಾರಲ್ಲಂತೂ ಫ್ಯಾಷನ್ ಬದಲಾಗಿ ಸೊಂಟದ ಗೆರೆ ಎದೆ ಕೆಳಗೇ ಬಂದ್ರೂ ಆ ಅಗಲದ ಚೌಕಟ್ಟು ಬಿಡ್ಲಿಲ್ಲ, 1820ರವರೆಗೂ ಹಾಕಿಸಿದ್ರು.

1783ರಲ್ಲಿ ಚಿತ್ರಗಾರ್ತಿ ವಿಜೇ ಲ ಬ್ರೂನ್, ಫ್ರಾನ್ಸ್ ರಾಣಿ ಮರಿ ಆಂಟೋನೆಟ್‌ನ ಬಿಳಿ ಮಸ್ಲಿನ್ (ತೆಳು ಹತ್ತಿ ಬಟ್ಟೆ) ಉಡುಪಲ್ಲಿ ಬರೆದಾಗ ದೊಡ್ಡ ಗಲಾಟೆ ಆಗಿ, ಪ್ರದರ್ಶನದಿಂದ ಚಿತ್ರನೇ ತೆಗೆದು ರೇಷ್ಮೆ ಗೌನಿನ ಚಿತ್ರ ಇಡಬೇಕಾಯ್ತು. ಒಳಉಡುಪಲ್ಲಿದಾಳೆ ಅಂದ್ರು, ಲಿಯಾನ್ ರೇಷ್ಮೆಯವರ ಹೊಟ್ಟೆ ಮೇಲೆ ಹೊಡೀತಾಳೆ ಅಂದ್ರು. ಇದನ್ನ ಸರಳ ಉಡುಪು ಅಂತ ಬರೆಯೋದು ನಾನು ಒಪ್ಪಲ್ಲ, ಒಳ್ಳೇ ಮಸ್ಲಿನ್ ಬರ್ತಿದ್ದಿದ್ದು ಆಗಿನ ಭಾರತದ ಬಂಗಾಳದಿಂದ, ಅದೇನು ಅಗ್ಗದ ಬಟ್ಟೆನಾ? ಐದು ವರ್ಷ ಆದ್ಮೇಲೆ, 1788ರಲ್ಲಿ, ಮೈಸೂರಿಂದ ಟಿಪ್ಪು ಕಳಿಸಿದ ರಾಯಭಾರಿಗಳು ವರ್ಸೇಲ್ಸಿಗೆ ಹೋದ್ರು, ಅವರಲ್ಲೊಬ್ಬ ದರ್ವೇಶ್ ಖಾನ್‌ನ ಇದೇ ಚಿತ್ರಗಾರ್ತಿ ಬರೆದಿದಾಳೆ. ಅವನ ಮೈಮೇಲಿರೋದು ಬಂಗಾರದ ಹೂವಿನ ಬಿಳಿ ಮಸ್ಲಿನ್, ದರ್ಬಾರಿನ ಗಣ್ಯರ ಉಡುಪಾಗೇ ಬರೆದಿದಾಳೆ, ಅಲ್ಲಿ ಯಾರೂ ಅದನ್ನ ಒಳಉಡುಪು ಅನ್ಲಿಲ್ಲ.