ಎಂಜಿಬಿಗೆ ಯಾವ ವೀಲು, ಯಾವ ಟೈರು?

ನನ್ನ ಎಂಜಿಬಿಗೆ, ಅಂದ್ರೆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ, ಸೈಕಲ್ ಥರ ಕಡ್ಡಿ ಇರೋ ವೈರ್ ವೀಲೇ ಹಾಕ್ಬೇಕು ಅಂತ ಮೊದಲಿಂದ್ಲೂ ಆಸೆ, ಆದ್ರೆ ಅದು ಬರೀ ಚಂದ ನೋಡಿ ತಗೊಳೋದಲ್ಲ ಕಣ್ರೀ, ಅದಕ್ಕೆ ಹಲ್ಲಿರೋ ಸ್ಪ್ಲೈನ್ ಹಬ್ಬೇ (ವೀಲ್ ಕೂರೋ ನಡುಭಾಗ) ಬೇಕು. ಹಳೇ ವೀಲ್ ಬಿಚ್ಚಿ ಆ ಹಲ್ಲುಗಳ ಮೇಲೆ ಬೆರಳಾಡಿಸಿದೆ, ತುದಿ ಚೂರಿ ಥರ ಚೂಪಾಗಿತ್ತು, ಅಂದ್ರೆ ಸವೆದು ಹೋಗಿದೆ, ಅದರ ಮೇಲೆ ಹೊಸ ವೀಲ್ ಕೂರಿಸಿದ್ರೆ ಅದೂ ಹಾಳಾಗತ್ತೆ ಅಂತ ಹಬ್ಬೂ ಬದಲಾಯಿಸ್ದೆ.

ಟೈರು 165/80, 14 ಇಂಚಿನ ರೇಡಿಯಲ್ ಸಾಕು. ಇನ್ನೂ ಅಗಲ ಹಾಕಿದ್ರೆ ಪವರ್ ಇಲ್ಲದ ಸ್ಟೇರಿಂಗ್ ಭಾರ ಆಗತ್ತೆ, ಓಡಿಸೋ ಖುಷಿನೇ ಹೋಗತ್ತೆ. ಕಡ್ಡಿ ಕೂರೋ ತೂತುಗಳಲ್ಲಿ ಗಾಳಿ ಸೋರತ್ತೆ ಅಂತ ಒಳಗೆ ಟ್ಯೂಬೂ ಹಾಕ್ಸಿದೀನಿ. ಹಳೇ ಟೈರಿನ ಮೇಲಿನ ಗೀರುಗಳು ಆಳವಾಗೇ ಇದ್ವು, ಆದ್ರೆ ಪಕ್ಕದಲ್ಲಿ 2208 ಅಂತಿತ್ತು, ಅಂದ್ರೆ 2008ರ 22ನೇ ವಾರದಲ್ಲಿ ತಯಾರಾಗಿದ್ದು! ಅಷ್ಟು ಹಳೇ ಟೈರ್ ನಂಬೋಕಾಗಲ್ಲ ಅಂತ ತಕ್ಷಣ ಎಸೆದೆ.