ಡಸ್ಟರ್ 340 ಮತ್ತು ನನ್ನ ಕೊರೊಲಾ

ಮಿಷಿಗನ್‌ನಲ್ಲಿ ಕಾರಿನ ಮಾತು ಬಂದರೆ ಜನ ಎರಡು ಗುಂಪಾಗುತ್ತಾರೆ. ಒಂದು ಗುಂಪಿಗೆ ಮೈಲೇಜ್, ಕಡಿಮೆ ಖರ್ಚು, ಚಳಿಗಾಲದಲ್ಲಿ ಕೈಕೊಡದೆ ಸ್ಟಾರ್ಟ್ ಆಗುವುದು ಮುಖ್ಯ. ಇನ್ನೊಂದು ಗುಂಪಿಗೆ ಎಂಟು ಸಿಲಿಂಡರ್‌ನ ವಿ8 ಇಂಜಿನ್ನಿನ ಸದ್ದು ಕೇಳಿದರೆ ಸಾಕು. ಪಂಪ ಕನ್ನಡ ಕೂಟದ ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗ್ ಲಾಟ್‌ನಲ್ಲಿ ನಿಂತರೂ ಇದೇ ವಾದ. ನಮ್ಮ ಭಾವ ಎರಡನೇ ಗುಂಪಿನವರು. "ಕೊರೊಲಾ ಓಡಿಸೋದು ಒಂದು ಓಡಿಸೋದಾ ಪುಟ್ಟಿ?" ಅಂತ ಪ್ರತಿ ಸಲ ಕೇಳುತ್ತಾರೆ. ನಾನು 2010ರ ಟೊಯೊಟಾ ಕೊರೊಲಾ ಓಡಿಸುತ್ತೇನೆ. ಎರಡು ಲಕ್ಷ ಮೈಲಿ ದಾಟಿದೆ. ಸಾದಾ ಕಾರಿಗೆ ದೊಡ್ಡ ಇಂಜಿನ್ ಕೂರಿಸಿದ ಅಮೆರಿಕದ ಮಸಲ್ ಕಾರು ಅಂದರೆ ನನಗೂ ಅಷ್ಟೇ ಇಷ್ಟ. ಇವೆರಡನ್ನೂ ಎದುರುಬದುರು ನಿಲ್ಲಿಸುವುದೇ ಸರಿಯಲ್ಲ ಅಂತ ನನ್ನ ವಾದ. ಭಾವನಿಗೆ ಒಂದೇ ಉಸಿರಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪಕ್ಕದ ಮನೆಯ ಹಿರಿಯರ ಹತ್ತಿರ 1970ರ ಪ್ಲಿಮತ್ ಡಸ್ಟರ್ 340 ಇದೆ. ನಮ್ಮ ಕಡೆ ಓಡಾಡುವ ರೆನೋ ಡಸ್ಟರ್ ಅಲ್ಲ. ಇದು ಎರಡು ಬಾಗಿಲಿನ, ಹಿಂದಕ್ಕೆ ಇಳಿಜಾರಾದ ಪುಟ್ಟ ಕಾರು. ಪುಟ್ಟದು ಅಂದರೆ ಅಮೆರಿಕದ ಆ ಕಾಲದ ಲೆಕ್ಕದಲ್ಲಿ. ಅವರು ಆಗ 22ರ ಹುಡುಗ, ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ಅಚ್ಚು, ಉಪಕರಣ ತಯಾರಿಸುವ ಒಂದು ಸಣ್ಣ ಟೂಲ್ ಅಂಡ್ ಡೈ ಶಾಪ್‌ನಲ್ಲಿ ಕೆಲಸ. ಸಾಲ ಮಾಡಿ ಹೊಸದಾಗಿಯೇ ಕೊಂಡರು. ಒಮ್ಮೆ ಅವರ ಗ್ಯಾರೇಜಿನಲ್ಲಿ ನಿಂತು ನಾನು ಕಾರನ್ನು ಮುಟ್ಟಲು ಹಿಂದೆಮುಂದೆ ನೋಡುತ್ತಿದ್ದೆ. ಅದಕ್ಕೆ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ಮುಟ್ಟಮ್ಮ, ಏನೂ ಆಗಲ್ಲ. ಇದನ್ನ ಈಗ ಒಡವೆ ತರ ನೋಡ್ತಾರೆ. ನಾನು ಇದರಲ್ಲಿ ದಿನಾ ಕೆಲಸಕ್ಕೆ ಹೋಗ್ತಿದ್ದೆ."

ದಿನಾ ಅಂದರೆ ದಿನಾ. ಹಿಮದಲ್ಲೂ. ಹಿಂದಿನ ಚಕ್ರದ ಮೇಲಿನ ತಗಡು ತುಕ್ಕು ಹಿಡಿದು ಎರಡು ಸಲ ಬದಲಾಗಿದೆ.

ಡಸ್ಟರ್ ಹುಟ್ಟಿದ್ದು ಹೇಗೆ ಅಂತ ನೋಡಿದರೆ ಅವರ ಮಾತು ಸರಿಯಾಗಿ ಅರ್ಥವಾಗುತ್ತದೆ. ಕ್ರೈಸ್ಲರ್ ಕಂಪನಿಯ ವ್ಯಾಲಿಯಂಟ್ ಅನ್ನೋ ಕಾರು 1960ರ ಮಾಡೆಲ್ ಆಗಿ ಬಂತು, ಮರುವರ್ಷ ಅದೇ ಕಂಪನಿಯ ಪ್ಲಿಮತ್ ಬ್ರ್ಯಾಂಡಿಗೆ ಸೇರಿತು. ಆಗ ಜರ್ಮನಿಯ ಬೀಟಲ್ ಅಮೆರಿಕದಲ್ಲಿ ಚೆನ್ನಾಗಿ ಮಾರಾಟವಾಗುತ್ತಿತ್ತು. ಅದನ್ನು ಎದುರಿಸಲು ಫೋರ್ಡ್ ಫಾಲ್ಕನ್ ತಂದಿತು, ಷೆವ್ರೊಲೆ ಕೊರ್ವೇರ್ ತಂದಿತು, ಕ್ರೈಸ್ಲರ್ ಕಂಪನಿ ವ್ಯಾಲಿಯಂಟ್ ತಂದಿತು. ಶಾಲೆಯ ಟೀಚರು, ಗುಮಾಸ್ತರು, ನಿವೃತ್ತರು ಓಡಿಸುವ ಕಾರು. ಬಾನೆಟ್ ಕೆಳಗೆ 'ಸ್ಲಾಂಟ್ ಸಿಕ್ಸ್' ಅನ್ನುವ ಆರು ಸಿಲಿಂಡರ್ ಇಂಜಿನ್, 30 ಡಿಗ್ರಿ ಓರೆಯಾಗಿ ಕೂರಿಸಿದ್ದು. ಹಾಗೆ ಓರೆ ಮಾಡಿದ್ದರಿಂದ ಬಾನೆಟ್ ತಗ್ಗಾಯಿತು, ಗಾಳಿ ಹೋಗುವ ಕೊಳವೆಗಳನ್ನು ಉದ್ದ ಮಾಡಲು ಜಾಗವೂ ಸಿಕ್ಕಿತು. ಆ ಇಂಜಿನ್ ಸುಲಭಕ್ಕೆ ಕೆಡುವುದಿಲ್ಲ ಅಂತ ಇಲ್ಲಿನ ಹಳೆಯ ಮೆಕ್ಯಾನಿಕ್‌ಗಳು ಈಗಲೂ ಹೇಳುತ್ತಾರೆ.

ಹತ್ತು ವರ್ಷ ಆದ ಮೇಲೆ ಅದೇ ವ್ಯಾಲಿಯಂಟ್‌ನ ಮುಂಭಾಗ ಇಟ್ಟುಕೊಂಡು, ಹಿಂದಿನ ಅರ್ಧಕ್ಕೆ ಹೊಸ ರೂಪ ಕೊಟ್ಟರು. ಅದೇ ಡಸ್ಟರ್. ಸಾದಾ ಡಸ್ಟರ್‌ಗೆ ಸ್ಲಾಂಟ್ ಸಿಕ್ಸ್. ಬೇಕು ಅಂದವರಿಗೆ 340 ಕ್ಯೂಬಿಕ್ ಇಂಚಿನ, ಅಂದರೆ 5.6 ಲೀಟರ್‌ನ ವಿ8. ಕಂಪನಿಯ ಲೆಕ್ಕದಲ್ಲಿ 275 ಹಾರ್ಸ್‌ಪವರ್. ಮೊದಲ ವರ್ಷವೇ ಎರಡು ಲಕ್ಷಕ್ಕಿಂತ ಹೆಚ್ಚು ಡಸ್ಟರ್ ತಯಾರಾದವು. ಅದರಲ್ಲಿ 340 ಸುಮಾರು 25,000 ಮಾತ್ರ. ಉಳಿದವೆಲ್ಲ ಆಫೀಸು, ಅಂಗಡಿ, ಚರ್ಚು ಅಂತ ಓಡಾಡುವವರ ಕಾರು. ಡೆಟ್ರಾಯಿಟ್‌ನ ಮಧ್ಯದಲ್ಲೇ ಇರುವ ಹ್ಯಾಮ್‌ಟ್ರಾಮಿಕ್ ಊರಿನ ಕಾರ್ಖಾನೆಯಲ್ಲಿ ಎರಡೂ ಒಂದರ ಹಿಂದೆ ಒಂದು ಇಳಿದವು.

ಇನ್ನು ಬೆಲೆ. ಡಸ್ಟರ್ 340ಗೆ 1970ರಲ್ಲಿ 2,547 ಡಾಲರ್. ಹಣದುಬ್ಬರ ಸೇರಿಸಿದರೆ ಈಗಿನ 20,000 ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಇವತ್ತು ಇಲ್ಲಿ ಅತಿ ಕಡಿಮೆ ಬೆಲೆಯ ಹೊಸ ಕೊರೊಲಾ ತಗೊಂಡರೂ 22,000 ದಾಟುತ್ತದೆ. ಅಂದರೆ ನಮ್ಮ ಭಾವ ಪೂಜೆ ಮಾಡುವ ಕಾರು ಹೊಸದಾಗಿದ್ದಾಗ ಇವತ್ತಿನ ಕೊರೊಲಾಕ್ಕಿಂತ ಅಗ್ಗ ಇತ್ತು! ಈ ಲೆಕ್ಕ ಹಾಕಿದ ದಿನ ನಾನು ಎರಡೆರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ.

ಡಸ್ಟರ್ ಒಂದೇ ಅಲ್ಲ. ಫೋರ್ಡ್‌ನ ಮಸ್ಟಾಂಗ್ 1964ರ ಏಪ್ರಿಲ್‌ನಲ್ಲಿ ಬಂದಾಗ 2,368 ಡಾಲರ್, ಅಡಿಯಲ್ಲಿ ಇದ್ದದ್ದು ಅದೇ ಫಾಲ್ಕನ್. ಸಾದಾ ಮಸ್ಟಾಂಗ್‌ನ ಆರು ಸಿಲಿಂಡರ್ ಇಂಜಿನ್ 101 ಹಾರ್ಸ್‌ಪವರ್, ಈಗಿನ ಕೊರೊಲಾ 169. ಜನರಲ್ ಮೋಟರ್ಸ್‌ನ ಪಾಂಟಿಯಾಕ್ ಬ್ರ್ಯಾಂಡಿನ ಜಿಟಿಒ ಕೂಡ ಬೇರೆ ಕಾರೇನಲ್ಲ, ಟೆಂಪೆಸ್ಟ್ ಅನ್ನುವ ಮಧ್ಯಮ ವರ್ಗದ ಕಾರಿಗೆ ಸೇರಿಸಿಕೊಳ್ಳುವ ಒಂದು ಪ್ಯಾಕೇಜ್. ಇಷ್ಟು ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಇಂಜಿನ್ ಹಾಕಬಾರದು ಅಂತ ಜನರಲ್ ಮೋಟರ್ಸ್‌ನಲ್ಲಿ ನಿಯಮ ಇತ್ತು. ಪಾಂಟಿಯಾಕ್‌ನ ಮುಖ್ಯ ಇಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಯ ಇಂಜಿನಿಯರ್‌ಗಳು ಹೊಸ ಮಾಡೆಲ್ ಅಂತ ಹೇಳದೆ 'ಆಪ್ಷನ್' ಅಂತ ಬರೆದು 389 ಕ್ಯೂಬಿಕ್ ಇಂಚಿನದ್ದನ್ನು ಕೂರಿಸಿಬಿಟ್ಟರು. ಮೊದಲ ವರ್ಷ 32,000ಕ್ಕಿಂತ ಹೆಚ್ಚು ಮಾರಾಟವಾಯಿತು. ಇನ್ನು ಪ್ಲಿಮತ್‌ನ 1968ರ ರೋಡ್ ರನ್ನರ್ ಅಂತೂ ಖರ್ಚು ಉಳಿಸಲೆಂದೇ ಮಾಡಿದ್ದು. ಒಳಗೆ ನೆಲಹಾಸಿಲ್ಲ, ಮುಂದೆ ಸಾದಾ ಬೆಂಚ್ ಸೀಟು. ಉಳಿಸಿದ ದುಡ್ಡನ್ನೆಲ್ಲ ಇಂಜಿನ್‌ಗೆ ಹಾಕಿದರು, 3,000 ಡಾಲರ್ ಒಳಗೆ ಮಾರಿದರು.

ಹಾಗಾಗಿ ಭಾರತದಲ್ಲಿ ಕೆಲವರು ಕಾಂಟೆಸ್ಸಾವನ್ನು ನಮ್ಮ ದೇಶದ ಮಸಲ್ ಕಾರು ಅಂದಾಗ ನಾನು ಒಪ್ಪುವುದಿಲ್ಲ. ಆಕಾರ ಚೆಂದ ಇದೆ, ನನಗೂ ಇಷ್ಟ. ಆದರೆ ಶುರುವಿನ ಕಾಂಟೆಸ್ಸಾದಲ್ಲಿ ಇದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಇಂಜಿನ್. ದೊಡ್ಡ ಮೈಗೆ ಸಣ್ಣ ಇಂಜಿನ್. ಮಸಲ್ ಕಾರು ಪೂರ್ತಿ ಇದಕ್ಕೆ ಉಲ್ಟಾ.

ಸದ್ದಿನ ಬಗ್ಗೆ ಬರೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆ 340 ಐಡ್ಲಿಂಗ್‌ನಲ್ಲಿ ನಿಂತಾಗ ಬರುವುದು ಒಂದೇ ಸಮನೆಯ ಸದ್ದಲ್ಲ, ತಡವರಿಸುತ್ತಾ ಗುಡುಗುವ ಸದ್ದು. ಅದಕ್ಕೆ ಕಾರಣ ಇದೆ. ಎಂಟು ಸಿಲಿಂಡರ್‌ಗಳು ಸಮ ಅಂತರದಲ್ಲೇ ಉರಿಯುತ್ತವೆ, ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ 90 ಡಿಗ್ರಿ ತಿರುಗಿದಾಗ ಒಂದು. ಆದರೆ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಇವೆ. ಉರಿಯುವ ಸರದಿ 1-8-4-3-6-5-7-2. ಬೆಸ ಸಂಖ್ಯೆಯವು ಎಡಗಡೆ, ಸಮ ಸಂಖ್ಯೆಯವು ಬಲಗಡೆ. ಈಗ ಓದಿ ನೋಡಿ: ಎಡ, ಬಲ, ಬಲ, ಎಡ, ಬಲ, ಎಡ, ಎಡ, ಬಲ. ಒಂದೇ ಕಡೆ ಎರಡು ಸಲ ಬೆನ್ನುಬೆನ್ನಿಗೆ ಹೊಡೆಯುತ್ತದೆ, ಆಮೇಲೆ ಬಿಡುವು. ಎರಡು ಸೈಲೆನ್ಸರ್ ಪೈಪ್‌ಗಳಿಂದ ಈ ಏರುಪೇರು ಹೊರಗೆ ಬರುತ್ತದೆ. ಇದನ್ನು ತಿಳಿದ ಮೇಲೆ ಆ ಸದ್ದು ನನಗೆ ಇನ್ನೂ ಜಾಸ್ತಿ ಇಷ್ಟವಾಯಿತು.

ಪಕ್ಕದ ಮನೆಯವರು ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಒಳಗಿನ ಪಾಯಿಂಟ್‌ಗಳ ನಡುವಿನ ಗ್ಯಾಪ್ ಸೆಟ್ ಮಾಡುವುದನ್ನು ನೋಡಬೇಕು. ಗೇಜ್ ಇದೆ, ಆದರೂ ಮ್ಯಾಚ್‌ಬುಕ್ಕಿನ ರಟ್ಟು ಸಾಕು ಅನ್ನುತ್ತಾರೆ. ದಾವಣಗೆರೆಯಲ್ಲಿ ನಮ್ಮಪ್ಪನೂ ಪ್ರೀಮಿಯರ್ ಪದ್ಮಿನಿಗೆ ಬೆಂಕಿಪೊಟ್ಟಣದ ರಟ್ಟೇ ಹಾಕುತ್ತಿದ್ದರು. ಪ್ಲಗ್ ಬಿಚ್ಚಿ ಉಜ್ಜಿ ಕೊಡುವುದು ನನ್ನ ಕೆಲಸ. 1,089 ಸಿಸಿಯ ಪದ್ಮಿನಿ, 5.6 ಲೀಟರ್‌ನ ಡಸ್ಟರ್, ಎರಡನ್ನೂ ಮಾಲೀಕರೇ ಅಂಗಳದಲ್ಲಿ ನಿಲ್ಲಿಸಿ ರಿಪೇರಿ ಮಾಡಬಹುದಿತ್ತು.

ಆ ಕಾಲ ಯಾಕೆ ಮುಗಿಯಿತು? ಒಂದೇ ಕಾರಣ ಅಲ್ಲ. ಹುಡುಗರ ಕೈಗೆ ಈ ಕಾರು ಸಿಕ್ಕಿ ಅಪಘಾತ ಜಾಸ್ತಿಯಾಗಿ, ವಿಮೆ ಕಂಪನಿಗಳು ಪ್ರೀಮಿಯಂ ವಿಪರೀತ ಏರಿಸಿದವು. 1970ರಲ್ಲಿ ಹೊಗೆಯ ಬಗ್ಗೆ ಕಟ್ಟುನಿಟ್ಟಿನ ಕಾನೂನು ಬಂತು, ಕಂಪನಿಗಳು ಇಂಜಿನ್‌ನ ಕಂಪ್ರೆಷನ್ ಇಳಿಸಿದವು, ಅದರ ಜೊತೆ ಶಕ್ತಿಯೂ ಇಳಿಯಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು. ಅದೇ ಹೊತ್ತಿಗೆ ಹೋಂಡಾ ಸಿವಿಕ್ ಅಮೆರಿಕಕ್ಕೆ ಬಂದಿತ್ತು. ಹೋಂಡಾದವರ ಸಿವಿಸಿಸಿ ಅನ್ನುವ ಇಂಜಿನ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಹೊಗೆಯ ಪರೀಕ್ಷೆ ಪಾಸಾಯಿತು. ಅಮೆರಿಕದ ದೊಡ್ಡ ಇಂಜಿನ್‌ಗೆ ಇದು ಆಗದು ಅನ್ನುವ ಮಾತು ಬಂದಾಗ ಹೋಂಡಾದವರು ಒಂದು ಷೆವ್ರೊಲೆ ಇಂಪಾಲಾ ಕೊಂಡು, ಅದರ ವಿ8ಗೆ ತಮ್ಮ ತಂತ್ರ ಅಳವಡಿಸಿ ತೋರಿಸಿದರು. ಈ ಹೊಗೆಯ ಪರೀಕ್ಷೆ ಮಾಡಿದ ಸರ್ಕಾರಿ ಕೇಂದ್ರ ಇರುವುದು ನಮ್ಮ ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲೇ. ಆ ಕಡೆ ಹೋದಾಗಲೆಲ್ಲ ಈ ಕಥೆ ನೆನಪಾಗುತ್ತದೆ.

ಪ್ರತಿ ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. 1995ರಲ್ಲಿ ಫರ್ನ್‌ಡೇಲ್‌ನ ಮಕ್ಕಳಿಗೆ ಒಂದು ಸಾಕರ್ ಮೈದಾನ ಮಾಡಲು ಹಣ ಕೂಡಿಸೋಣ ಅಂತ ಶುರುವಾದದ್ದು, ಈಗ ಪಾಂಟಿಯಾಕ್ ಊರಿನವರೆಗೂ ಹಬ್ಬಿದೆ. ಜನ ಮಡಚುವ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಕೂರುತ್ತಾರೆ. ನನಗೆ ಅಲ್ಲಿ ಕಾಣುವ ಬೇಸರದ ಸಂಗತಿ ಒಂದೇ. ಆವತ್ತು ಕೂಲಿಯ ದುಡ್ಡಲ್ಲಿ ಕೊಂಡ ಕಾರುಗಳನ್ನು ಇವತ್ತು ಕೂಲಿಯ ದುಡ್ಡಲ್ಲಿ ಕೊಳ್ಳಲು ಆಗುವುದಿಲ್ಲ. ಚೆನ್ನಾಗಿರುವ ಡಸ್ಟರ್ 340ಗೆ ಕೇಳುವ ಹಣದಲ್ಲಿ ಎರಡು ಹೊಸ ಕೊರೊಲಾ ಬರಬಹುದು. ವಿ8 ಇರುವ ಹೊಸ ಮಸ್ಟಾಂಗ್ 45,000 ಡಾಲರ್ ದಾಟಿದೆ. ಅದರ ಎದುರಾಳಿ ಷೆವ್ರೊಲೆ ಕಮ್ಯಾರೊ 2023ರ ಕೊನೆಗೆ ನಿಂತಿತು.

ಅಗ್ಗದ ಕಾರುಗಳ ಕಥೆಯೂ ಅದೇ ದಾರಿಯಲ್ಲಿದೆ, ಅದರ ಬಗ್ಗೆ ಯಾರೂ ಮೆರವಣಿಗೆ ಮಾಡುವುದಿಲ್ಲ ಅಷ್ಟೇ. 2018ರಲ್ಲಿ ಫೋರ್ಡ್ ಅಮೆರಿಕದಲ್ಲಿ ಫಿಯೆಸ್ಟಾ, ಫೋಕಸ್, ಫ್ಯೂಷನ್ ಎಲ್ಲ ನಿಲ್ಲಿಸುವುದಾಗಿ ಹೇಳಿತು. ಷೆವ್ರೊಲೆ ಕ್ರೂಜ್ 2019ಕ್ಕೆ ಹೋಯಿತು, ಮಾಲಿಬು 2024ಕ್ಕೆ. ಡೆಟ್ರಾಯಿಟ್ ಕಂಪನಿಗಳಿಂದ ಹೊಸ ಹುಡುಗನೊಬ್ಬ ಕೊಳ್ಳಬಹುದಾದ ಸಾದಾ ಸೆಡಾನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವ್ಯಾಲಿಯಂಟ್ ಇಲ್ಲದಿದ್ದರೆ ಡಸ್ಟರ್ 340 ಎಲ್ಲಿಂದ ಬರಬೇಕು? ಭಾವನಿಗೆ ನಾನು ಕೇಳುವ ಪ್ರಶ್ನೆ ಇದು.

ಎಂಎಸ್ ಮಾಡಲು ಬಂದ ಹುಡುಗರು "ಅಕ್ಕಾ, ಯಾವ ಕಾರು ತಗೊಳ್ಳಲಿ?" ಅಂತ ಫೋನ್ ಮಾಡುತ್ತಾರೆ. ಹಳೆಯ ಕೊರೊಲಾ ಅಥವಾ ಸಿವಿಕ್ ಅನ್ನುತ್ತೇನೆ. ಊರಲ್ಲಿ ಬಿಡದಿಯಲ್ಲಿ ತಯಾರಾದ ಕೊರೊಲಾ ನೋಡಿರುತ್ತಾರೆ, ಹಾಗಾಗಿ ಹೆಸರು ಹೊಸದಲ್ಲ. ಆದರೆ ಇಲ್ಲಿ ಇಂಜಿನ್‌ಗಿಂತ ಮೊದಲು ಕಾರಿನ ಕೆಳಗೆ ಬಗ್ಗಿ ನೋಡಬೇಕು. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರಕ್ಕೂ ಹೆಚ್ಚು ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಲೇ ಇರುತ್ತಾರೆ. ಆ ಉಪ್ಪುನೀರು ಬ್ರೇಕ್ ಪೈಪ್, ಬಾಗಿಲಿನ ಕೆಳಗಿನ ಪಟ್ಟಿ, ಸಬ್‌ಫ್ರೇಮ್ ಎಲ್ಲವನ್ನೂ ತಿನ್ನುತ್ತದೆ. ಮಿಷಿಗನ್‌ನಲ್ಲಿ ವರ್ಷಕ್ಕೊಮ್ಮೆ ಕಾರು ಪರೀಕ್ಷೆ ಮಾಡಿಸಬೇಕು ಅನ್ನುವ ಕಡ್ಡಾಯ ಇಲ್ಲ, ಆದ್ದರಿಂದ ಪೂರ್ತಿ ತುಕ್ಕು ಹಿಡಿದ ಕಾರೂ ಮಾರಾಟಕ್ಕೆ ನಿಂತಿರುತ್ತದೆ. ಕೆಳಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನ ಪಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ, ಗಟ್ಟಿ ತಗಡಿನ ಸದ್ದು ಬೇರೆ, ಟೊಳ್ಳಾದದ್ದರ ಸದ್ದು ಬೇರೆ. ಇನ್ನೊಂದು ವಿಷಯ. 1998ರಿಂದ 2002ರವರೆಗಿನ ಕೊರೊಲಾಗಳಲ್ಲಿ ಹಲವು ಆಯಿಲ್ ಕುಡಿಯುತ್ತವೆ, ಅವನ್ನು ಕೊಳ್ಳಬೇಡಿ. ಆಮೇಲಿನವು ವಾಸಿ. ತಗೊಂಡ ಮೇಲೆ ಪ್ರತಿ ಚಳಿಗಾಲಕ್ಕೆ ಮುಂಚೆ ಕಾರಿನ ತಳಕ್ಕೆ ಎಣ್ಣೆಯಂಥ ಕೋಟಿಂಗ್ ಹೊಡೆಸಿ, ಚಳಿಗಾಲದಲ್ಲಿ ಆಗಾಗ ಅಡಿ ತೊಳೆಸಿ. ನನ್ನ ಕೊರೊಲಾ ಇನ್ನೂ ಗಟ್ಟಿಯಾಗಿರುವುದು ಇದರಿಂದಲೇ. ಗ್ಯಾಲನ್‌ಗೆ 30 ಮೈಲಿಯ ಆಸುಪಾಸು ಈಗಲೂ ಕೊಡುತ್ತದೆ.

ಮಸಲ್ ಕಾರಿನ ಆಸೆ ಇದ್ದು ದುಡ್ಡು ಇಲ್ಲದವರಿಗೂ ಒಂದು ದಾರಿ ಇದೆ, ಅದು ನನ್ನ ದಾರಿಯೂ ಹೌದು. 340ರ ಹಿಂದೆ ಬೀಳಬೇಡಿ. ಅದರ ಸಾದಾ ಅಣ್ಣತಮ್ಮಂದಿರನ್ನು ಹುಡುಕಿ: ನಾಲ್ಕು ಬಾಗಿಲಿನ ವ್ಯಾಲಿಯಂಟ್ ಅಥವಾ ಡಾಡ್ಜ್ ಡಾರ್ಟ್, ಸ್ಲಾಂಟ್ ಸಿಕ್ಸ್ ಇರುವುದು. ಹರಾಜಿಗೆ ಬರುವ ಜನಕ್ಕೆ ನಾಲ್ಕು ಬಾಗಿಲು ಬೇಡ, ಹಾಗಾಗಿ ಬೆಲೆ ಕಡಿಮೆ. ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಅದೇ ಟಾರ್ಷನ್ ಬಾರ್, ಹಿಂದೆ ಅದೇ ಪಟ್ಟಿ ಸ್ಪ್ರಿಂಗು, ಬಿಡಿಭಾಗವೂ ಸಿಗುತ್ತದೆ. ನಾನು 225 ಕ್ಯೂಬಿಕ್ ಇಂಚಿನ ಸ್ಲಾಂಟ್ ಸಿಕ್ಸ್ ಇರುವ ವ್ಯಾಲಿಯಂಟ್ ಒಂದನ್ನು ಹುಡುಕುತ್ತಿದ್ದೇನೆ, ಉಪ್ಪು ಕಾಣದ ದಕ್ಷಿಣದ ರಾಜ್ಯಗಳಲ್ಲಿ. ಪಕ್ಕದ ಮನೆಯವರು ನೋಡಲು ಜೊತೆಗೆ ಬರುವುದಾಗಿ ಹೇಳಿದ್ದಾರೆ. ಇಂಜಿನ್ ಹೇಗಿದ್ದರೂ ಪರವಾಗಿಲ್ಲ, ಅದನ್ನ ಇಬ್ಬರೂ ಸೇರಿ ಬಿಚ್ಚೋಣ, ನೆಲದ ತಗಡು ಮಾತ್ರ ಗಟ್ಟಿ ಇರಬೇಕು ಅಂತ ಅವರ ಷರತ್ತು.